ಕ್ಯಾಮ್ ಕೊಳ್ಳುವ ಮೊದಲು ಹೆಡ್ ಬಿಚ್ಚಿ: ಜಿಪ್ಸಿ ಎಂಜಿನ್‌ಗೆ ವಾಲ್ವ್ ಪಾರ್ಟ್ಸ್ ಆರಿಸುವ ಬಗೆ

ಮೂಡಿಗೆರೆ ಕಡೆಯ ಹುಡುಗನೊಬ್ಬ ಕಳೆದ ಮಳೆಗಾಲ ಮುಗಿದ ಮೇಲೆ ಒಂದು ರಟ್ಟಿನ ಡಬ್ಬ ಹಿಡಿದು ನನ್ನ ಶೆಡ್‌ಗೆ ಬಂದ. "ಅಣ್ಣಾ, ಎಲ್ಲಾ ತಂದಿದೀನಿ. ಕೂರಿಸಿ ಕೊಟ್ರೆ ಸಾಕು" ಅಂದ. ಡಬ್ಬದಲ್ಲಿ ಸರ್ಕ್ಯೂಟ್ ರೇಸ್‌ಗೆ ಆಗುವಂಥ ದೊಡ್ಡ ಕ್ಯಾಮ್ ಇತ್ತು, ಅಂದರೆ ತಿರುಗುತ್ತಾ ವಾಲ್ವ್ ತೆರೆಯುವ ಉಬ್ಬುಗಳ ಶಾಫ್ಟ್. ವಾಲ್ವನ್ನು ಮತ್ತೆ ಮುಚ್ಚುವ ಗಟ್ಟಿ ಸ್ಪ್ರಿಂಗ್ ಇತ್ತು. ಸ್ಪ್ರಿಂಗನ್ನು ಮೇಲಿನಿಂದ ಹಿಡಿಯುವ ಟೈಟಾನಿಯಂ ರಿಟೇನರ್ ಇತ್ತು. ಮೂರನ್ನೂ ಮೂರು ಕಡೆ ಕೊಂಡಿದ್ದ. ಒಂದೊಂದೂ ಒಳ್ಳೆಯ ಮಾಲೇ. ಆದರೆ ಒಂದಕ್ಕೊಂದು ಸೇರುವಂಥವಲ್ಲ. ಅವನ ಗಾಡಿ ಓಡುವುದು ಕಾಫಿ ತೋಟದ ಮಣ್ಣಿನ ರಸ್ತೆಯಲ್ಲಿ, ಎರಡನೇ ಮೂರನೇ ಗೇರಲ್ಲಿ.

ಆ ಡಬ್ಬವನ್ನು ಮುಚ್ಚಿಟ್ಟು ಅವನಿಗೆ ಟೀ ಕೊಟ್ಟೆ. ಆಮೇಲೆ ಇಬ್ಬರೂ ಕೂತು ಮೊದಲಿನಿಂದ ಲೆಕ್ಕ ಹಾಕಿದೆವು. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು ಜಿಪ್ಸಿ ಕಿಂಗ್‌ನ ಜಿ13ಬಿಬಿ ಎಂಜಿನ್. 1298 ಸಿಸಿ, ಬೋರ್ 74 ಮಿಮೀ, ಸ್ಟ್ರೋಕ್ 75.5 ಮಿಮೀ, 16 ವಾಲ್ವ್, ಮೇಲೆ ಒಂದೇ ಕ್ಯಾಮ್, ಅದರ ತಳ್ಳನ್ನು ವಾಲ್ವ್‌ಗೆ ದಾಟಿಸುವ ರಾಕರ್, ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್. ಎಂಪಿಎಫ್ಐ (ಪೆಟ್ರೋಲ್ ಇಂಜೆಕ್ಷನ್) ಎಸ್ಟೀಮ್ ಕಾರು ಇಟ್ಟುಕೊಂಡವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಆರ್‌ಪಿಎಂ ಎಷ್ಟು ಬೇಕು?

ಇದನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. "ಜಾಸ್ತಿ ಪವರ್ ಬೇಕು" ಅಂದರೆ ಯಾವ ಪಾರ್ಟನ್ನೂ ಆರಿಸಲು ಆಗುವುದಿಲ್ಲ. ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಜಿಪ್ಸಿ ಕಿಂಗ್‌ನಲ್ಲಿ ಪೂರ್ತಿ ಪವರ್ ಸಿಗುವುದು 6000 ಆರ್‌ಪಿಎಂನಲ್ಲಿ. ಮಣ್ಣಿನ ರ‍್ಯಾಲಿಗೆ ನಾನು ಕೇಳುವುದು 3500ರಿಂದ 6800ರವರೆಗೆ ಚೆನ್ನಾಗಿ ಎಳೆಯಲಿ, ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಲಿಮಿಟರ್ 7200ಕ್ಕೆ ಇರಲಿ ಅಂತ. ತಿರುವಿನಿಂದ ಹೊರಬರುವಾಗ ಕೆಳಗಿನ ಎಳೆತ ಇಲ್ಲದಿದ್ದರೆ ಮೇಲಿನ ಪವರ್ ಇದ್ದೂ ಉಪಯೋಗವಿಲ್ಲ.

ಲಿಮಿಟರ್ 7200 ಅಂತ ಬರೆದರೆ ಸ್ಪ್ರಿಂಗ್ ಅನ್ನು 7700ಕ್ಕೆ ಲೆಕ್ಕ ಹಾಕಿ. ಜಂಪ್‌ನಲ್ಲಿ ನಾಲ್ಕೂ ಚಕ್ರ ಗಾಳಿಗೆ ಎದ್ದಾಗ ಮುಳ್ಳು ತಟ್ಟನೆ ಮೇಲೆ ಹಾರುತ್ತದೆ. ಅದಕ್ಕಿಂತ ಅಪಾಯ ಅಂದರೆ ಇಳಿಜಾರಿನಲ್ಲಿ ಅವಸರದಿಂದ ಗೇರ್ ಇಳಿಸುವುದು. ಆಗ ಎಂಜಿನ್‌ನ್ನು ತಿರುಗಿಸುವುದು ಚಕ್ರ. ಲಿಮಿಟರ್ ಪೆಟ್ರೋಲ್ ಕಡಿಯಬಹುದು, ಸ್ಪಾರ್ಕ್ ಕಡಿಯಬಹುದು, ಕ್ರ್ಯಾಂಕ್ ಹಿಡಿದು ನಿಲ್ಲಿಸಲು ಅದಕ್ಕಾಗುವುದಿಲ್ಲ.

ವಾಲ್ವನ್ನು ಎತ್ತಿ ಇಳಿಸಲು ಬೇಕಾಗುವ ಬಲ ಆರ್‌ಪಿಎಂನ ವರ್ಗದಷ್ಟು ಏರುತ್ತದೆ. 6500ರಿಂದ 7500ಕ್ಕೆ ಹೋದರೆ ವೇಗ ಏರಿದ್ದು ಸುಮಾರು 15 ಪರ್ಸೆಂಟ್, ಬಲ ಏರಿದ್ದು 33 ಪರ್ಸೆಂಟ್. ಸಾವಿರ ಆರ್‌ಪಿಎಂ ಏನು ಮಹಾ ಅಂತ ಕೇಳುವವರಿಗೆಲ್ಲ ನಾನು ಈ ಲೆಕ್ಕ ತೋರಿಸುತ್ತೇನೆ.

ಸ್ಪರ್ಧೆಗೆ ಇಳಿಯುವವರಾದರೆ ನಿಮ್ಮ ಕ್ಲಾಸ್‌ಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ) ನಿಯಮದಲ್ಲಿ ಏನಕ್ಕೆ ಅವಕಾಶ ಇದೆ ಅಂತ ಈಗಲೇ ಓದಿಕೊಳ್ಳಿ. ಕ್ಯಾಮ್ ಮುಟ್ಟುವ ಹಾಗಿಲ್ಲದ ಕ್ಲಾಸ್ ಆದರೆ ನಿಮ್ಮ ದುಡ್ಡು ವಾಲ್ವ್ ಸೀಟ್ (ವಾಲ್ವ್ ಮುಚ್ಚಿ ಕೂರುವ ಉಂಗುರ) ಕೆಲಸಕ್ಕೆ ಹೋಗಲಿ.

ಕ್ಯಾಮ್

ಉಳಿದ ಪಾರ್ಟ್‌ಗಳೆಲ್ಲ ಕ್ಯಾಮ್ ಹೇಳಿದ ಹಾಗೆ ಕೇಳಬೇಕು. ಆದ್ದರಿಂದ ಅದೇ ಮೊದಲು. ಡ್ಯುರೇಶನ್ (ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಅನ್ನುವುದು) ಕೇಳುವಾಗ "ಎಷ್ಟು ಲಿಫ್ಟ್‌ನಲ್ಲಿ ಅಳೆದದ್ದು?" ಅಂತ ಕೇಳದೆ ಬಿಡಬೇಡಿ. ಲಿಫ್ಟ್ ಅಂದರೆ ವಾಲ್ವ್ ಎದ್ದ ಎತ್ತರ. ಒಬ್ಬರು 270 ಡಿಗ್ರಿ ಅನ್ನುತ್ತಾರೆ, ಇನ್ನೊಬ್ಬರು 222 ಅನ್ನುತ್ತಾರೆ, ಎರಡೂ ಒಂದೇ ಕ್ಯಾಮ್ ಇರಬಹುದು. ಮೊದಲನೆಯದು ವಾಲ್ವ್ ಸೀಟ್ ಬಿಡುವ ಕ್ಷಣದಿಂದ ಅಳೆದದ್ದು. ಎರಡನೆಯದು 1 ಮಿಮೀ ಎದ್ದ ಮೇಲೆ ಅಳೆದದ್ದು. ಹೋಲಿಸುವಾಗ 1 ಮಿಮೀ ಲೆಕ್ಕವನ್ನೇ ಹಿಡಿಯಿರಿ. ನಮ್ಮ ಕಡೆಯ ರಸ್ತೆಗಳಿಗೆ ಈ ಎಂಜಿನ್‌ನಲ್ಲಿ 215ರಿಂದ 225 ಡಿಗ್ರಿ ಸಾಕು ಅನ್ನುವುದು ನನ್ನ ಅನುಭವ.

ಒಂದೇ ಕ್ಯಾಮ್ ಇರುವ ಹೆಡ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ (ಕ್ಯಾಮ್‌ನ ಉಬ್ಬುಗಳ) ನಡುವಿನ ಕೋನ ಗ್ರೈಂಡ್ ಮಾಡುವಾಗಲೇ ನಿರ್ಧಾರ ಆಗಿಬಿಡುತ್ತದೆ. ಅಡ್ಜಸ್ಟಬಲ್ ಪುಲ್ಲಿ ಹಾಕಿದರೆ ಎರಡೂ ಒಟ್ಟಿಗೆ ಹಿಂದೆ ಮುಂದೆ ಹೋಗುತ್ತವೆ, ಅಷ್ಟೇ. ಇಲ್ಲಿ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿಯಾದರೆ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಬೀಳುತ್ತದೆ. ಈ ಎಂಜಿನ್‌ನ ಇಸಿಯು (ಕಂಪ್ಯೂಟರ್) ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ ಪೆಟ್ರೋಲ್ ಬಿಡುವಂಥದ್ದು. ಅದಕ್ಕೆ ತಲೆ ಕೆಡುತ್ತದೆ. ಬ್ರೇಕ್ ಬೂಸ್ಟರ್‌ಗೂ ವ್ಯಾಕ್ಯೂಮ್ ಅಲ್ಲಿಂದಲೇ ಬರಬೇಕಲ್ವಾ? ಘಾಟಿ ಇಳಿಯುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ.

ಇಡೀ ಉಕ್ಕಿನ ತುಂಡಿನಿಂದ ಕಡೆದ ಹೊಸ ಬಿಲೆಟ್ ಕ್ಯಾಮ್ ನಮಗೆ ಸುಲಭವಾಗಿ ಸಿಗುವುದಿಲ್ಲ. ಹೆಚ್ಚಿನವರು ಸ್ಟಾಕ್ ಕ್ಯಾಮನ್ನೇ ರೀಗ್ರೈಂಡ್ ಮಾಡಿಸುತ್ತಾರೆ. ತಪ್ಪೇನಿಲ್ಲ, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರಬೇಕು. ಲೋಬ್‌ನ ಮೂಗಿಗೆ ಲೋಹ ಸೇರಿಸುವುದಿಲ್ಲ. ಕೆಳಗಿನ ಗುಂಡು ಭಾಗವನ್ನೇ ಸಣ್ಣ ಮಾಡುತ್ತಾರೆ. ಆಗ ಎತ್ತರದ ವ್ಯತ್ಯಾಸ ಜಾಸ್ತಿಯಾಗಿ ಲಿಫ್ಟ್ ಏರುತ್ತದೆ. ಗುಂಡು ಭಾಗ ಸಣ್ಣ ಆದಷ್ಟೂ ರಾಕರ್ ಕೆಳಗೆ ಕೂರುತ್ತದೆ, ಅಡ್ಜಸ್ಟಿಂಗ್ ಸ್ಕ್ರೂ ಅಷ್ಟು ಉದ್ದಕ್ಕೆ ಹೊರಗೆ ಬರುತ್ತದೆ. ಸ್ಕ್ರೂ ವಾಲ್ವ್ ತುದಿಯ ಮಧ್ಯಕ್ಕೆ ಒತ್ತುವ ಬದಲು ಅಂಚಿಗೆ ಒತ್ತಲು ಶುರುಮಾಡಿದರೆ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಒಂದು ಕಡೆಗೆ ಸವೆಯುತ್ತದೆ. ನೋಡುವುದು ಸುಲಭ: ವಾಲ್ವ್ ತುದಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ, ಟ್ಯಾಪೆಟ್ ಕ್ಲಿಯರೆನ್ಸ್ (ಸ್ಕ್ರೂಗೂ ವಾಲ್ವ್ ತುದಿಗೂ ನಡುವಿನ ಅಂತರ) ಇಟ್ಟು, ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಮಸಿ ಅಳಿಸಿದ ಗೆರೆ ಮಧ್ಯದಲ್ಲಿ ಇರಬೇಕು, ತೆಳ್ಳಗಿರಬೇಕು.

ರಾಕರ್‌ನ ಪ್ಯಾಡ್ ಕ್ಯಾಮ್ ಮೇಲೆ ಉಜ್ಜಿಕೊಂಡು ಓಡುವಂಥದ್ದು. ಹೊಸ ಲೋಬ್‌ಗೆ ಸವೆದ ರಾಕರ್ ಕೂರಿಸಬೇಡಿ. ಹೊಸದು ತನ್ನಿ, ಇಲ್ಲವೇ ಪ್ಯಾಡ್ ಮುಖವನ್ನು ಗೊತ್ತಿದ್ದವರ ಕೈಯಲ್ಲಿ ಮತ್ತೆ ಗ್ರೈಂಡ್ ಮಾಡಿಸಿ.

ಸ್ಪ್ರಿಂಗ್: ಇಲ್ಲಿ ನಿಧಾನ ಮಾಡಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. "ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೇಫ್" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದ್ದಕ್ಕಿಂತ ಗಟ್ಟಿ ಹಾಕಿದರೆ ಲೋಬ್ ಸವೆಯುತ್ತದೆ, ರಾಕರ್ ಪ್ಯಾಡ್ ಕಿತ್ತುಬರುತ್ತದೆ, ಟೈಮಿಂಗ್ ಬೆಲ್ಟ್ ಮೇಲೆ ಭಾರ ಬೀಳುತ್ತದೆ. ಮೆತ್ತಗಾದರೆ ವಾಲ್ವ್ ತೇಲುತ್ತದೆ. ಅಂದರೆ ಕ್ಯಾಮ್ ಇಳಿದರೂ ವಾಲ್ವ್ ಅದರ ಹಿಂದೆ ಇಳಿಯುವುದಿಲ್ಲ, ತಡವಾಗಿ ಬಂದು ಸೀಟ್‌ಗೆ ಬಡಿದು ಪುಟಿಯುತ್ತದೆ. 7000ದ ಹತ್ತಿರ ಎಂಜಿನ್ ಸದ್ದು ಒಡೆದ ಹಾಗೆ ಆಗಿ ಎಳೆತ ನಿಂತುಹೋದರೆ ಇಗ್ನಿಷನ್ ಜೊತೆಗೆ ಇದನ್ನೂ ಅನುಮಾನಿಸಿ.

ಸ್ಪ್ರಿಂಗ್ ಬಗ್ಗೆ ನಾಲ್ಕು ಅಳತೆ ಬೇಕು: ಹೆಡ್‌ನಲ್ಲಿ ಕೂತಾಗಿನ ಎತ್ತರ, ಆ ಎತ್ತರದಲ್ಲಿ ಎಷ್ಟು ಕೆಜಿ ಒತ್ತುತ್ತದೆ, ಪ್ರತಿ ಮಿಮೀ ಒತ್ತಿದಾಗ ಎಷ್ಟು ಕೆಜಿ ಏರುತ್ತದೆ, ಸುರುಳಿಗಳೆಲ್ಲ ಅಂಟಿಕೊಳ್ಳುವ ಎತ್ತರ ಎಷ್ಟು. ಮಾರುವವರು ಇವನ್ನು ಕೊಡದಿದ್ದರೆ ನೀವೇ ಅಳೆಯಿರಿ.

ನಾನು ಅಳೆಯುವ ರೀತಿ ಹೀಗೆ. ಮನೆಯಲ್ಲಿ ತೂಕ ನೋಡುವ ಸ್ಕೇಲನ್ನು ಡ್ರಿಲ್ ಮೆಷಿನ್‌ನ ಟೇಬಲ್ ಮೇಲೆ ಇಡುತ್ತೇನೆ. ಅದರ ಮೇಲೆ ದಪ್ಪ ಉಕ್ಕಿನ ತಟ್ಟೆ, ತಟ್ಟೆ ಮೇಲೆ ಸ್ಪ್ರಿಂಗ್, ಸ್ಪ್ರಿಂಗ್ ಮೇಲೆ ರಿಟೇನರ್. ಚಕ್‌ಗೆ ಬಿಟ್ ಬದಲು ಒಂದು ಚಪ್ಪಟೆ ತುದಿಯ ಸರಳು. ಮೆಷಿನ್‌ನ ಪ್ಲಗ್ ಕಿತ್ತಿಟ್ಟಿರುತ್ತೇನೆ. ಹಿಡಿ ಇಳಿಸುತ್ತಾ ಬಂದರೆ ಸ್ಕೇಲ್‌ನಲ್ಲಿ ಕೆಜಿ ಕಾಣುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ವರ್ನಿಯರ್ ಹಿಡಿದು ಎತ್ತರ ಓದಬೇಕು. ಸ್ಪ್ರಿಂಗ್ ಹಾರಿದರೆ ಮುಖಕ್ಕೆ ಬರುತ್ತದೆ, ಕನ್ನಡಕ ಹಾಕಿಕೊಳ್ಳಿ. 16ನ್ನೂ ಅಳೆದು, ಒಂದೊಂದಕ್ಕೂ ಟೇಪ್ ಅಂಟಿಸಿ ನಂಬರ್ ಬರೆಯುತ್ತೇನೆ. ಒಂದೇ ಪ್ಯಾಕೆಟ್‌ನಿಂದ ತೆಗೆದ ಸ್ಪ್ರಿಂಗ್‌ಗಳಲ್ಲೂ ಒಂದೆರಡು ಕೆಜಿ ವ್ಯತ್ಯಾಸ ನೋಡಿದ್ದೇನೆ.

ಹುಡುಗನ ಹೆಡ್‌ನ ಲೆಕ್ಕ ನನ್ನ ನೋಟ್‌ಬುಕ್‌ನಲ್ಲಿದೆ. ಕೂತ ಎತ್ತರ 31.5 ಮಿಮೀ. ಹಳೆಯ ಸ್ಪ್ರಿಂಗ್‌ಗಳು ಆ ಎತ್ತರದಲ್ಲಿ 11ರಿಂದ 12 ಕೆಜಿ ತೂಗಿದವು. ಹೊಸದಾಗಿ ಆರಿಸಿದ ಸ್ಪ್ರಿಂಗ್ 18 ಕೆಜಿ, ಪ್ರತಿ ಮಿಮೀಗೆ 3 ಕೆಜಿ ಏರುವಂಥದ್ದು. ಕ್ಯಾಮ್ ಕೊಡುವ ವಾಲ್ವ್ ಲಿಫ್ಟ್ 9 ಮಿಮೀ. ಪೂರ್ತಿ ತೆರೆದಾಗ 18 ಕೂಡಿಸು 27, ಅಂದರೆ 45 ಕೆಜಿ. ಆಗ ಸ್ಪ್ರಿಂಗ್ ಎತ್ತರ 22.5 ಮಿಮೀ. ಸುರುಳಿಗಳು ಅಂಟುವುದು 20.8ಕ್ಕೆ. ಉಳಿದ ಅಂತರ 1.7 ಮಿಮೀ. ನನಗೆ 1.5ಕ್ಕಿಂತ ಕಡಿಮೆ ಇದ್ದರೆ ನಿದ್ದೆ ಬರುವುದಿಲ್ಲ. ಅವನು ತಂದಿದ್ದ ಗಟ್ಟಿ ಸ್ಪ್ರಿಂಗ್ ಇದೇ 9 ಮಿಮೀ ಲಿಫ್ಟ್‌ಗೆ 0.4 ಮಿಮೀ ಬಿಡುತ್ತಿತ್ತು. ಅದರ ಜೊತೆಗೆ ತಂದಿದ್ದ ದೊಡ್ಡ ಕ್ಯಾಮ್ ಹಾಕಿದ್ದರೆ ಮೊದಲ ಕ್ರ್ಯಾಂಕಿಂಗ್‌ನಲ್ಲೇ ಸ್ಪ್ರಿಂಗ್ ಗಟ್ಟಿಯಾಗಿ ನಿಂತು ರಾಕರ್ ಮುರಿಯುತ್ತಿತ್ತು.

ಈ ಅಂಕಿಗಳನ್ನು ಹಾಗೇ ನಿಮ್ಮ ಎಂಜಿನ್‌ಗೆ ಎತ್ತಿ ಹಾಕಬೇಡಿ. ಸೀಟ್ ಕಟ್ ಮಾಡಿದ ಮೇಲೆ ವಾಲ್ವ್ ಒಳಗೆ ಇಳಿದು ಕೂತ ಎತ್ತರ ಜಾಸ್ತಿಯಾಗಿರುತ್ತದೆ. ಒಂದು ಹೆಡ್‌ನಂತೆ ಇನ್ನೊಂದಿರುವುದಿಲ್ಲ. ಸ್ಪ್ರಿಂಗ್ ಕೆಳಗೆ ಶಿಮ್ (ತೆಳು ಬಿಲ್ಲೆ) ಕೊಟ್ಟು 16ನ್ನೂ ಒಂದೇ ಎತ್ತರಕ್ಕೆ ತನ್ನಿ.

ರಿಟೇನರ್ ಮತ್ತು ಲಾಕ್

ಟೈಟಾನಿಯಂ ಹಗುರ, ನಿಜ. ಉಕ್ಕಿನ ಸಾಂದ್ರತೆ ಸುಮಾರು 7.8 ಆದರೆ ಟೈಟಾನಿಯಂದು 4.5. ಸ್ಪ್ರಿಂಗ್‌ನ ಮೇಲ್ತುದಿಯ ತೂಕ ಕಡಿಮೆಯಾದರೆ ಅಷ್ಟೇ ಸ್ಪ್ರಿಂಗ್‌ನಲ್ಲಿ ಇನ್ನಷ್ಟು ಆರ್‌ಪಿಎಂ ಸಿಗುತ್ತದೆ. ಆದರೆ ಸ್ಪ್ರಿಂಗ್ ತಿರುಗುತ್ತಾ ಉಜ್ಜುವ ಜಾಗದಲ್ಲಿ ಅದು ಸವೆಯುತ್ತದೆ. ರೇಸ್‌ನಿಂದ ರೇಸ್‌ಗೆ ಬಿಚ್ಚಿ ನೋಡುವ ಟೀಮ್‌ಗೆ ಸರಿ. ಸೀಸನ್‌ಗೆ ಒಂದು ಸಲ ಹೆಡ್ ಬಿಚ್ಚುವವರಿಗೆ ಒಳ್ಳೆಯ ಉಕ್ಕಿನ ರಿಟೇನರ್ ಸಾಕು. 7200ಕ್ಕೆ ಟೈಟಾನಿಯಂ ಬೇಕೇ ಬೇಕು ಅನ್ನುವ ಪರಿಸ್ಥಿತಿ ಇಲ್ಲ.

ರಿಟೇನರನ್ನು ವಾಲ್ವ್ ಕಾಂಡಕ್ಕೆ ಹಿಡಿದಿಡುವ ವಾಲ್ವ್ ಲಾಕ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಬಹಳ ವರ್ಷದ ಹಿಂದೆ, ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಒಂದು ಎಂಜಿನ್‌ಗೆ ಹೊಸ ರಿಟೇನರ್ ಹಾಕಿ ಹಳೇ ಲಾಕ್‌ಗಳನ್ನೇ ಕೂರಿಸಿದೆವು. ಕೋನದಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಇತ್ತು. 300 ಕಿಲೋಮೀಟರ್ ಓಡಿದ ಮೇಲೆ ಒಂದು ಲಾಕ್ ಜಾರಿತು, ವಾಲ್ವ್ ಸಿಲಿಂಡರ್ ಒಳಗೆ ಬಿತ್ತು. ಪಿಸ್ಟನ್, ಹೆಡ್, ಬೋರ್ ಮೂರೂ ಹೋದವು. ಆ ಪಿಸ್ಟನ್ ಇವತ್ತಿಗೂ ನನ್ನ ಶೆಡ್‌ನ ಕಿಟಕಿಯಲ್ಲಿದೆ. ತಲೆಯ ಮೇಲೆ ವಾಲ್ವ್ ಚುಚ್ಚಿದ ಅರ್ಧಚಂದ್ರದಂಥ ಗುರುತು ಇದೆ. ರಿಟೇನರ್ ಮತ್ತು ಲಾಕ್ ಒಂದೇ ತಯಾರಕರ ಸೆಟ್ ಆಗಿರಲಿ. ಲಾಕ್ ಬೆಲೆ ಎಷ್ಟು ಅಂತ ನೋಡಿದರೆ ಅಲ್ಲಿ ಉಳಿಸುವಂಥದ್ದು ಏನೂ ಇಲ್ಲ.

ಇನ್ನೊಂದು ಅಂತರವನ್ನು ಬಹಳ ಜನ ಮರೆಯುತ್ತಾರೆ. ವಾಲ್ವ್ ಪೂರ್ತಿ ತೆರೆದಾಗ ರಿಟೇನರ್‌ನ ತಳಕ್ಕೂ ಆಯಿಲ್ ಒಳಗೆ ಇಳಿಯದಂತೆ ತಡೆಯುವ ಸ್ಟೆಮ್ ಸೀಲ್‌ನ ತಲೆಗೂ ನಡುವೆ ಜಾಗ ಇರಬೇಕು. ಕಡಿಮೆ ಅಂದರೂ 1.5 ಮಿಮೀ. ಸ್ಪ್ರಿಂಗ್ ಇಲ್ಲದೆ ವಾಲ್ವ್, ಸೀಲ್, ರಿಟೇನರ್, ಲಾಕ್ ಜೋಡಿಸಿ, ರಿಟೇನರ್ ಸೀಲ್‌ಗೆ ತಾಗುವವರೆಗೆ ಕೈಯಲ್ಲಿ ಇಳಿಸಿ ಅಳೆಯಿರಿ. ಆ ಅಳತೆಯಿಂದ ಲಿಫ್ಟ್ ಕಳೆಯಿರಿ. ಇದು ತಾಗಿದರೆ ಸೀಲ್ ಪುಡಿಯಾಗಿ ನೀಲಿ ಹೊಗೆ ಶುರುವಾಗುತ್ತದೆ. ಎಲ್ಲರೂ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡುತ್ತಾರೆ.

ವಾಲ್ವ್, ಸೀಟ್, ಗೈಡ್

ದೊಡ್ಡ ವಾಲ್ವ್ ಹಾಕಬೇಕಾ ಅಂತ ಕೇಳುತ್ತಾರೆ. 74 ಮಿಮೀ ಬೋರ್‌ನಲ್ಲಿ ಈಗಾಗಲೇ ಸಿಲಿಂಡರ್‌ಗೆ ನಾಲ್ಕು ವಾಲ್ವ್ ಇವೆ. ಇನ್ನೂ ದೊಡ್ಡದು ಮಾಡಿದರೆ ಅಂಚು ಗೋಡೆಯ ಹತ್ತಿರ ಹೋಗಿ ಗಾಳಿ ದಾರಿ ಕಟ್ಟಿಕೊಳ್ಳುತ್ತದೆ. ಆ ದುಡ್ಡನ್ನು ಸೀಟ್‌ಗೆ ಹಾಕಿ. 30, 45, 60 ಡಿಗ್ರಿ ಮೂರು ಕೋನದ ಕಟ್, ಇನ್‌ಟೇಕ್‌ಗೆ ಸುಮಾರು 1.1 ಮಿಮೀ ಅಗಲ, ಎಕ್ಸಾಸ್ಟ್‌ಗೆ 1.5. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಸೀಟ್ ಮೂಲಕವೇ ಹೆಡ್‌ಗೆ ದಾಟಿಸುತ್ತದೆ. ಅದಕ್ಕೇ ಅದರ ಸೀಟನ್ನು ತೆಳ್ಳಗೆ ಮಾಡಿಸಬೇಡಿ.

ಎಕ್ಸಾಸ್ಟ್‌ಗೆ 21-4ಎನ್ ಉಕ್ಕಿನ ವಾಲ್ವ್ ಕೇಳಿ. ತಲೆಗೆ ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಕಾಂಡ ಬೇರೆ ಉಕ್ಕಿನದಾಗಿ ಬೆಸೆದಿದ್ದರೆ ಅಲ್ಲಿ ಅಂಟಬಹುದು, ಗಾಬರಿ ಬೇಡ. ತಲೆಯೇ ಅಂಟಿದರೆ ಆ ಮಾಲು ಬೇರೆ.

ಗೈಡ್ ಸಡಿಲ ಇದ್ದರೆ ಮೊದಲು ಗೈಡ್, ಆಮೇಲೆ ಸೀಟ್. ಸೀಟ್ ಕಟರ್ ಗೈಡನ್ನೇ ಹಿಡಿದು ತಿರುಗುವುದರಿಂದ ಕ್ರಮ ತಿರುವುಮುರುವು ಆದರೆ ಕೆಲಸ ದಂಡ. ಕೆಲಸ ಮುಗಿದ ಮೇಲೆ ಹೆಡ್ ಬೋರಲು ಹಾಕಿ, ಪ್ಲಗ್ ಕೂರಿಸಿ, ಚೇಂಬರ್‌ಗೆ ಪೆಟ್ರೋಲ್ ತುಂಬಿ ಹತ್ತು ನಿಮಿಷ ಬಿಡಿ. ಪೋರ್ಟ್ ಕಡೆ ಒದ್ದೆಯಾದರೆ ವಾಪಸ್ ಕಳಿಸಿ. ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಳ್ಳಿ.

ಕ್ಲೇ ಇಟ್ಟು ನೋಡುವುದು

ಕ್ಯಾಮ್ ಬದಲಾದ ಮೇಲೆ, ಹೆಡ್ ಫೇಸಿಂಗ್ (ತಳವನ್ನು ಸ್ವಲ್ಪ ಕೆತ್ತಿ ಸಮ ಮಾಡುವುದು) ಮಾಡಿಸಿದ ಮೇಲೆ, ವಾಲ್ವ್ ಪಿಸ್ಟನ್‌ಗೆ ತಾಗುತ್ತದೆಯೋ ಇಲ್ಲವೋ ಅನ್ನುವುದು ಹೊಸ ಪ್ರಶ್ನೆ. "ಬೆಲ್ಟ್ ಕಟ್ ಆದರೂ ಈ ಎಂಜಿನ್‌ಗೆ ಏನೂ ಆಗಲ್ಲ" ಅಂತ ಯಾರು ಹೇಳಿದರೂ ಅದು ಸ್ಟಾಕ್ ಎಂಜಿನ್‌ನ ಮಾತು.

ಮಕ್ಕಳು ಆಡುವ ಕ್ಲೇ ತನ್ನಿ. ಚಪ್ಪಟೆ ಮಾಡಿ, ಅರ್ಧ ಬೆರಳು ದಪ್ಪಕ್ಕೆ, ಪಿಸ್ಟನ್ ಮೇಲೆ ವಾಲ್ವ್ ಬರುವ ಜಾಗಕ್ಕೆ ಒತ್ತಿ. ಮೇಲೆ ಒಂದು ಹನಿ ಎಣ್ಣೆ ಸವರಿ, ಇಲ್ಲದಿದ್ದರೆ ವಾಲ್ವ್‌ಗೆ ಅಂಟಿಕೊಂಡು ಬರುತ್ತದೆ. ಒಮ್ಮೆ ಬಿಗಿದು ಬಿಚ್ಚಿದ ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿಯಿರಿ, ಬೆಲ್ಟ್ ಟೈಮಿಂಗ್ ಕೂರಿಸಿ, ಟ್ಯಾಪೆಟ್ ಕ್ಲಿಯರೆನ್ಸ್ ಇಡಿ. ಪ್ಲಗ್ ತೆಗೆದಿರಲಿ. ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು, ನಿಧಾನಕ್ಕೆ. ಎಲ್ಲಾದರೂ ಗಟ್ಟಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಹೆಡ್ ಎತ್ತಿ, ಕ್ಲೇ ಮೇಲಿನ ಗುಳಿಯನ್ನು ಬ್ಲೇಡ್‌ನಲ್ಲಿ ಅಡ್ಡಕ್ಕೆ ಕತ್ತರಿಸಿ, ಅತಿ ತೆಳು ಜಾಗವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಇನ್‌ಟೇಕ್‌ಗೆ 2 ಮಿಮೀ, ಎಕ್ಸಾಸ್ಟ್‌ಗೆ 2.5 ಮಿಮೀ ಇದ್ದರೆ ನೆಮ್ಮದಿ.

ಪಿಸ್ಟನ್ ಮೇಲೆ ಬಂದು ನಿಂತಾಗ ಮಾತ್ರ ನೋಡಿದರೆ ಸಾಲದು. ಎಕ್ಸಾಸ್ಟ್ ವಾಲ್ವ್ ಅತಿ ಹತ್ತಿರ ಬರುವುದು ಟಿಡಿಸಿಗೆ (ಪಿಸ್ಟನ್ ಅತಿ ಮೇಲೆ ಬರುವ ಬಿಂದುವಿಗೆ) ಸುಮಾರು 10 ಡಿಗ್ರಿ ಮೊದಲು, ಇನ್‌ಟೇಕ್ ಸುಮಾರು 10 ಡಿಗ್ರಿ ಆಮೇಲೆ. ಎರಡು ಸುತ್ತು ತಿರುಗಿಸಿ ಅನ್ನುವುದು ಅದಕ್ಕೇ. ಹೆಡ್ ಫೇಸಿಂಗ್ ಮಾಡಿಸಿದರೆ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತದೆ. ಅಡ್ಜಸ್ಟಬಲ್ ಪುಲ್ಲಿಗೆ ದುಡ್ಡು ಹಾಕುವುದು ಸಾರ್ಥಕ ಆಗುವುದು ಇಲ್ಲಿ. ಡಿಗ್ರಿ ವೀಲ್, ಡಯಲ್ ಗೇಜ್ ಹಾಕಿ, ಕ್ಯಾಮ್ ಜೊತೆ ಬರುವ ಅಳತೆ ಚೀಟಿ, ಅಂದರೆ ಕ್ಯಾಮ್ ಕಾರ್ಡ್‌ನಲ್ಲಿ ಬರೆದ ಜಾಗಕ್ಕೆ ತನ್ನಿ. ಪುಲ್ಲಿ ತಿರುಗಿಸಿದ ಮೇಲೆ ಕ್ಲೇ ಕೆಲಸ ಮತ್ತೆ ಮಾಡಬೇಕು. ಬೇಜಾರಾದರೂ ಮಾಡಿ.

ಮೊದಲ ಸ್ಟಾರ್ಟ್

ಲೋಬ್‌ಗೂ ರಾಕರ್ ಪ್ಯಾಡ್‌ಗೂ ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಹಚ್ಚಿ. ಪ್ಲಗ್ ತೆಗೆದು ಸ್ಟಾರ್ಟರ್ ಹೊಡೆದು ಆಯಿಲ್ ಲೈಟ್ ಆರುವವರೆಗೆ ಆಯಿಲ್ ಏರಿಸಿ. ಸ್ಟಾರ್ಟ್ ಆದ ತಕ್ಷಣ 2000ದ ಮೇಲೆ ಹಿಡಿದು, 20 ನಿಮಿಷ ಸ್ವಲ್ಪ ಏರಿಳಿಸುತ್ತಾ ಇಡಿ. ಐಡ್ಲಿಂಗ್‌ಗೆ ಬಿಡಬೇಡಿ. ಕ್ಯಾಮ್ ಮೇಲೆ ಎರಚುವ ಆಯಿಲ್ ಐಡ್ಲಿಂಗ್‌ನಲ್ಲಿ ಕಡಿಮೆ, ಮೂಗಿನ ಮೇಲಿನ ಒತ್ತಡ ಮಾತ್ರ ಆಗಲೇ ಜಾಸ್ತಿ. ಆಮೇಲೆ ಆಯಿಲ್, ಫಿಲ್ಟರ್ ಬದಲಿಸಿ.

ಟ್ಯಾಪೆಟ್ ಕ್ಲಿಯರೆನ್ಸ್ ಕ್ಯಾಮ್ ಗ್ರೈಂಡ್ ಮಾಡಿದವರು ಹೇಳಿದ ಅಂಕಿಯೇ ಇರಲಿ, ಮ್ಯಾನುಯಲ್‌ನ ಅಂಕಿ ಸ್ಟಾಕ್ ಕ್ಯಾಮ್‌ಗೆ. 500 ಕಿಲೋಮೀಟರ್‌ಗೆ ಮೊದಲ ಸಲ, ಆಮೇಲೆ ಪ್ರತಿ ರ‍್ಯಾಲಿ ನಂತರ ಎಂಜಿನ್ ತಣ್ಣಗಿದ್ದಾಗ ಫಿಲ್ಲರ್ ಗೇಜ್ ಹಾಕಿ ಬರೆದಿಡಿ. ಕ್ಲಿಯರೆನ್ಸ್ ಬಿಗಿಯಾಗುತ್ತಾ ಹೋದರೆ ವಾಲ್ವ್ ಸೀಟ್‌ಗೆ ಇಳಿಯುತ್ತಿದೆ. ಸಡಿಲವಾಗುತ್ತಾ ಹೋದರೆ ಲೋಬ್ ಅಥವಾ ರಾಕರ್ ಸವೆಯುತ್ತಿದೆ. ಒಂದೇ ವಾಲ್ವ್ ಪ್ರತಿ ಸಲ ಸಡಿಲವಾದರೆ ಅಡ್ಜಸ್ಟ್ ಮಾಡಿ ಸುಮ್ನೆ ಮುಚ್ಚಬೇಡಿ, ಆ ಲೋಬ್ ಮೇಲೆ ಟಾರ್ಚ್ ಬಿಟ್ಟು ನೋಡಿ.

ಮೂಡಿಗೆರೆ ಹುಡುಗ ದೊಡ್ಡ ಕ್ಯಾಮನ್ನು ಮಾರಿ 220 ಡಿಗ್ರಿಯ ರೀಗ್ರೈಂಡ್ ಮಾಡಿಸಿದ. ಮೂರು ರ‍್ಯಾಲಿ ಓಡಿದ ಮೇಲೆ ಮೊನ್ನೆ ಟ್ಯಾಪೆಟ್ ಕವರ್ ತೆಗೆದೆವು. ಅವನೇ ಗೇಜ್ ಹಿಡಿದ, ನಾನು ಬರೆದುಕೊಂಡೆ. 14 ವಾಲ್ವ್ ಇಟ್ಟ ಹಾಗೇ ಇದ್ದವು. ಮೂರನೇ ಸಿಲಿಂಡರ್‌ನ ಎರಡು ಎಕ್ಸಾಸ್ಟ್ 0.03 ಮಿಮೀ ಬಿಗಿಯಾಗಿದ್ದವು. ಸರಿ ಮಾಡಿ, ತಾರೀಕು ಹಾಕಿ, ಕವರ್ ಮುಚ್ಚಿದೆವು.